ಲಂಡನ್‌ನಲ್ಲಿ ಎರಡು ದಿನ, ನಾಲ್ಕು ಜನ: ಈ ಪ್ಲಾನ್ ಕೂರುತ್ತಾ?

ಬಯಲುಸೀಮೆ ಕೇಳಿದ್ದು:

ನಾವು ನಾಲ್ಕು ಜನ ಸ್ನೇಹಿತರು. ಶುಕ್ರವಾರ ಸಂಜೆ 7ಕ್ಕೆ ಹೀಥ್ರೋ ಟರ್ಮಿನಲ್ 3ರಲ್ಲಿ ಇಳೀತೀವಿ, ಭಾನುವಾರ ರಾತ್ರಿ 9ಕ್ಕೆ ಅಲ್ಲಿಂದಲೇ ವಾಪಸ್. ವೀಸಾ ಆಗಿದೆ, ಹೋಟೆಲ್ ಇನ್ನೂ ಬುಕ್ ಮಾಡಿಲ್ಲ.

ಶನಿವಾರ ಬ್ರಿಟಿಷ್ ಮ್ಯೂಸಿಯಂ, ಟವರ್ ಆಫ್ ಲಂಡನ್, ಸೇಂಟ್ ಪಾಲ್ಸ್. ಭಾನುವಾರ ಬೆಳಿಗ್ಗೆ 9ಕ್ಕೆ ಆಕ್ಸ್‌ಫರ್ಡ್ ಸ್ಟ್ರೀಟ್ ಶಾಪಿಂಗ್, ಆಮೇಲೆ ವೆಸ್ಟ್‌ಮಿನ್‌ಸ್ಟರ್ ಆ್ಯಬಿ, ಬಕಿಂಗ್‌ಹ್ಯಾಮ್ ಅರಮನೆ, ಟಿಪ್ಪುವಿನ ಹುಲಿ (ಆ ಮರದ ಯಂತ್ರದ ಗೊಂಬೆ), ಬಸವಣ್ಣನವರ ಪ್ರತಿಮೆ. ಟ್ರೈನಿಗೆ ನಾಲ್ಕೂ ಜನಕ್ಕೆ ನನ್ನ ಒಂದೇ ಫಾರೆಕ್ಸ್ ಕಾರ್ಡ್ ಸಾಕಾ? ಒಬ್ಬರು ಮೊಟ್ಟೆಯನ್ನೂ ತಿನ್ನಲ್ಲ. ಎಲ್ಲಿ ಎಡವುತ್ತೀವಿ ಹೇಳಿ.

ಗಾಲಿಗೆಜ್ಜೆ:

ಮೊದಲು ಭಾನುವಾರ ಸರಿಮಾಡಿ. ಆ ದಿನ ಆ್ಯಬಿ ಪ್ರವಾಸಿಗರಿಗೆ ತೆರೆಯೋದಿಲ್ಲ, ಪ್ರಾರ್ಥನೆಗೆ ಬಂದವರಿಗೆ ಮಾತ್ರ. ಸೇಂಟ್ ಪಾಲ್ಸ್‌ ಕೂಡ ಅಷ್ಟೆ. ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ 9ಕ್ಕೆ ಹೋದರೆ ಮುಚ್ಚಿದ ಬಾಗಿಲು ನೋಡ್ಕೊಂಡು ಬರಬೇಕಾಗುತ್ತೆ. ಇಂಗ್ಲೆಂಡಿನಲ್ಲಿ ಭಾನುವಾರ ದೊಡ್ಡ ಅಂಗಡಿಗಳು ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು ಅಂತ ಕಾನೂನೇ ಇದೆ. ಅಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 12ರಿಂದ 6. ಶಾಪಿಂಗ್ ಬೇಕೇ ಬೇಕು ಅಂದ್ರೆ ಶನಿವಾರ ಸಂಜೆಗೆ ತಳ್ಳಿ.

ಶನಿವಾರವೂ ಆ್ಯಬಿ ಬೇಗ ಮುಚ್ಚುತ್ತೆ. ಟವರ್ ಜೊತೆ ಸೇಂಟ್ ಪಾಲ್ಸ್ ಇಟ್ಟುಕೊಂಡು, ಆ್ಯಬಿಯನ್ನು ಹೊರಗಿನಿಂದ ನೋಡಿದರೆ ಸಾಕು. ಆ್ಯಬಿ, ಸೇಂಟ್ ಪಾಲ್ಸ್ ಎರಡಕ್ಕೂ ಟಿಕೆಟ್ ದುಡ್ಡು ಕಡಿಮೆ ಏನಲ್ಲ. ಬ್ರಿಟಿಷ್ ಮ್ಯೂಸಿಯಂ ಬಿಟ್ಟುಬಿಡಿ. ಅದಕ್ಕೇ ಅರ್ಧ ದಿನ ಹೋಗುತ್ತೆ, ಮೇಲೆ ಬಾಗಿಲಲ್ಲಿ ಬ್ಯಾಗ್ ತಪಾಸಣೆಯ ಕ್ಯೂ.

ಟ್ಯೂಬ್‌ಪುರಾಣ:

ಒಂದು ಕಾರ್ಡ್ ನಾಲ್ಕು ಜನಕ್ಕೆ ಆಗಲ್ಲ. ಟ್ಯೂಬ್ (ಅಲ್ಲಿನ ಮೆಟ್ರೋ) ಗೇಟಿಗೆ ತಲೆಗೊಂದು ಕಾರ್ಡ್ ಬೇಕು. ಹೋಗುವಾಗ ಟಚ್ ಮಾಡಿದ ಕಾರ್ಡನ್ನೇ ಇಳಿದ ಮೇಲೂ ಟಚ್ ಮಾಡಬೇಕು, ಇಲ್ಲಾಂದ್ರೆ ಗರಿಷ್ಠ ದರ ಕಡಿತ ಆಗುತ್ತೆ. ಬೆಳಿಗ್ಗೆ ಪ್ಲಾಸ್ಟಿಕ್ ಕಾರ್ಡ್, ಸಂಜೆ ಅದೇ ಕಾರ್ಡು ಫೋನಿನ ವ್ಯಾಲೆಟ್‌ನಲ್ಲಿ ಅಂತ ಬದಲಾಯಿಸಬೇಡಿ. ಸಿಸ್ಟಮ್ಮಿಗೆ ಅವು ಎರಡು ಬೇರೆ ಕಾರ್ಡ್, ದಿನದ ಕ್ಯಾಪ್ (ಒಂದು ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಕಡಿಯಲ್ಲ ಅನ್ನೋ ಮಿತಿ) ಒಡೆದುಹೋಗುತ್ತೆ. ಬಸ್ಸಲ್ಲಿ ಹತ್ತುವಾಗ ಮಾತ್ರ ಟಚ್, ಇಳಿಯುವಾಗ ಬೇಡ. 2014ರಿಂದ ಬಸ್ಸಲ್ಲಿ ನಗದು ತಗೊಳ್ಳೋದೇ ಇಲ್ಲ. ಮೊದಲ ಟಚ್ ಆಗಿ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿದರೂ ಒಂದೇ ಟಿಕೆಟ್ ದರ.

ನಮ್ಮೂರ ಕಾರ್ಡ್‌ಗಳಲ್ಲಿ ಇನ್ನೊಂದು ಕಿರಿಕಿರಿ ಇದೆ. ಇಂಟರ್‌ನ್ಯಾಷನಲ್ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಒಂದು ಆನ್ ಇದ್ದು ಇನ್ನೊಂದು ಆಫ್ ಇದ್ದರೆ ಗೇಟ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತೆ. ಊರು ಬಿಡೋ ಮುಂಚೆಯೇ ಮಾಡಿಕೊಳ್ಳಿ.

ಹೋಟೆಲ್ ಬುಕ್ ಆಗಿಲ್ಲ ಅಂದ್ರಿ, ಒಳ್ಳೇದಾಯ್ತು. ಅರ್ಲ್ಸ್ ಕೋರ್ಟ್ ಸ್ಟೇಷನ್ ಹತ್ತಿರ ನೋಡಿ. ಹೀಥ್ರೋದಿಂದ ಪಿಕಾಡಿಲಿ ಲೈನ್ ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಅಲ್ಲಿಗೆ, ಬದಲಾವಣೆ ಇಲ್ಲ, ಸೂಟ್‌ಕೇಸಿಗೆ ಲಿಫ್ಟ್ ಇದೆ. ಅಲ್ಲಿಂದ ಡಿಸ್ಟ್ರಿಕ್ಟ್ ಲೈನ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್, ಟವರ್ ಹಿಲ್ ಎರಡೂ ನೇರ. ನಿಮ್ಮ ಪಟ್ಟಿಯ ಮುಕ್ಕಾಲು ಭಾಗ ಆ ಒಂದೇ ಲೈನಲ್ಲಿದೆ. ಹೀಥ್ರೋ ಎಕ್ಸ್‌ಪ್ರೆಸ್ ಹದಿನೈದೇ ನಿಮಿಷ ಅಂತ ಆಸೆಪಟ್ಟರೆ ಪ್ಯಾಡಿಂಗ್ಟನ್‌ನಲ್ಲಿ ಇಳಿಸುತ್ತೆ, ಅಲ್ಲಿಂದ ಮತ್ತೆ ಟ್ಯೂಬ್, ದರವೂ ದುಬಾರಿ.

ಬಯಲುಸೀಮೆ:

ಅರ್ಲ್ಸ್ ಕೋರ್ಟ್ ನೋಡ್ತೀನಿ. ಶನಿವಾರದ ಸಮಯ ಹೇಗೆ ಹೊಂದಿಸೋದು? ಮೊಟ್ಟೆ ವಿಷಯ ಯಾರೂ ಹೇಳಲಿಲ್ಲ.

ಗಾಲಿಗೆಜ್ಜೆ:

ಟವರ್ ಬಾಗಿಲು ತೆಗೆಯೋ ಹೊತ್ತಿಗೇ ಅಲ್ಲಿರಿ, ಟಿಕೆಟ್ ಆನ್‌ಲೈನ್ ತಗೊಂಡಿರಿ. ಒಳಗೆ ಹೋದ ತಕ್ಷಣ ಬೇರೇನೂ ನೋಡದೆ ಕಿರೀಟ-ಒಡವೆಗಳ ಕಡೆ ನಡೆಯಿರಿ. 11ರ ಮೇಲೆ ಅಲ್ಲಿ ಸಾಲು ಅಂಗಳ ತುಂಬಾ ಸುತ್ತುತ್ತೆ. ಆಮೇಲೆ ಯೋಮನ್ ವಾರ್ಡರ್‌ಗಳ (ಟವರಿನ ಕಾವಲುಗಾರರ) ಟೂರ್ ಹಿಡಿಯಿರಿ, ಅದು ಟಿಕೆಟ್‌ನಲ್ಲೇ ಸೇರಿದೆ. ಮಧ್ಯಾಹ್ನ ಟವರ್ ಬ್ರಿಜ್ ದಾಟಿ, ದಕ್ಷಿಣ ದಡದಲ್ಲೇ ನಡೆದು, ಮಿಲೇನಿಯಂ ಬ್ರಿಜ್ ಮೇಲೆ ಸೇಂಟ್ ಪಾಲ್ಸ್‌ಗೆ. ಕೊನೆಯ ಪ್ರವೇಶ ಮೂರೂವರೆ ಅಂತ ಲೆಕ್ಕ ಇಟ್ಟುಕೊಳ್ಳಿ, ತಡ ಆಗಲ್ಲ. ದಾರಿಯ ಬರೋ ಮಾರ್ಕೆಟ್ ಶನಿವಾರ ಜಾತ್ರೆ ಥರ, ಕೂತು ತಿನ್ನೋ ಆಸೆ ಬೇಡ.

ಸಂಜೆಗೆ ಸ್ಕೈ ಗಾರ್ಡನ್ (ಎತ್ತರದ ಕಟ್ಟಡದ ತುದಿಯ ತೋಟ, ಅಲ್ಲಿಂದ ಊರು ಕಾಣುತ್ತೆ): ಉಚಿತ, ಆದರೆ ಬುಕಿಂಗ್ ಬೇಕು. ಮೂರು ವಾರ ಮುಂಚಿನ ಸೋಮವಾರ ಬೆಳಿಗ್ಗೆ ಟಿಕೆಟ್ ಬಿಡ್ತಾರೆ, ಶನಿವಾರದ ಸಂಜೆ ಹೊತ್ತು ಬೇಗ ಖಾಲಿ.

ಉಪ್ಪುಹುಳಿ:

ಮೊಟ್ಟೆ ವಿಷಯ ನಾನು ಹೇಳ್ತೀನಿ. ಅಲ್ಲಿ 'ವೆಜಿಟೇರಿಯನ್' ಅಂದ್ರೆ ಮೊಟ್ಟೆ ಸೇರಿದೆ ಅಂತಲೇ ತಿಳ್ಕೊಳ್ಳಿ. ಸ್ಯಾಂಡ್‌ವಿಚ್‌ನ ಮೇಯೊನೇಸ್, ಕೇಕ್ ಎಲ್ಲದರಲ್ಲೂ ಇರುತ್ತೆ. 'ವೀಗನ್' ಲೇಬಲ್ ನೋಡಿದರೆ ತಾಪತ್ರಯ ಇಲ್ಲ. ಪ್ಯಾಕೆಟ್ ಹಿಂದೆ ಅಲರ್ಜಿ ಪದಾರ್ಥಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿರ್ತಾರೆ, ಅಲ್ಲಿ 'ಎಗ್' ಇದೆಯಾ ಅಂತ ಎರಡು ಸೆಕೆಂಡಲ್ಲಿ ಗೊತ್ತಾಗುತ್ತೆ. ಫಿಶ್ ಅಂಡ್ ಚಿಪ್ಸ್ ಅಂಗಡಿಯಲ್ಲಿ ಬರೀ ಚಿಪ್ಸ್ ತಗೊಂಡರೂ ಯಾವ ಎಣ್ಣೆ ಕೇಳಿ, ಕೆಲವು ಕಡೆ ದನದ ಕೊಬ್ಬಿನಲ್ಲಿ ಕರೀತಾರೆ.

ಶನಿವಾರ ರಾತ್ರಿ ದೋಸೆ ಬೇಕಾದರೆ ಟವರ್ ಹಿಲ್‌ನಿಂದ ಅದೇ ಡಿಸ್ಟ್ರಿಕ್ಟ್ ಲೈನ್‌ನಲ್ಲಿ ಈಸ್ಟ್ ಹ್ಯಾಮ್‌ಗೆ ನೇರ ಟ್ರೈನ್. ಸ್ಟೇಷನ್ ಹೊರಗಿನ ಹೈ ಸ್ಟ್ರೀಟ್‌ನಲ್ಲಿ ದಕ್ಷಿಣ ಭಾರತದ ಊಟದ ಹೋಟೆಲ್‌ಗಳಿವೆ. ಊರ ಮಧ್ಯದ ರೆಸ್ಟೋರೆಂಟ್ ಬಿಲ್ಲಲ್ಲಿ ಎಷ್ಟೋ ಕಡೆ 12.5% ಸರ್ವಿಸ್ ಚಾರ್ಜ್ ಸೇರಿಸಿರ್ತಾರೆ, ಬೇಡ ಅಂತ ಹೇಳಬಹುದು. ನೀರು ಕೇಳುವಾಗ 'ಟ್ಯಾಪ್ ವಾಟರ್' ಅನ್ನಿ, ಇಲ್ಲಾಂದ್ರೆ ಬಾಟಲಿ ಬಂದು ಕೂರುತ್ತೆ.

ಟ್ಯೂಬ್‌ಪುರಾಣ:

ಭಾನುವಾರ ಹೀಗೆ ಮಾಡಿ. ಬ್ಯಾಗ್ ಹೋಟೆಲ್‌ನಲ್ಲೇ ಬಿಟ್ಟು 8:30ಕ್ಕೆ ವೆಸ್ಟ್‌ಮಿನ್‌ಸ್ಟರ್. ಸೇತುವೆ ದಾಟಿ ಬಲಕ್ಕೆ ಮೆಟ್ಟಿಲಿಳಿದು ನದಿ ಪಕ್ಕ ನಡೀರಿ. ಪಾರ್ಲಿಮೆಂಟಿನ ಒಳ್ಳೆ ಫೋಟೋ ಈ ದಡದಿಂದಲೇ. ಲ್ಯಾಂಬೆತ್ ಬ್ರಿಜ್ ಹತ್ತದೆ ಅದೇ ದಡದಲ್ಲಿ ಮುಂದೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರು ಸಿಗ್ತಾರೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ, ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಸುಮಾರು ಇಪ್ಪತ್ತು ನಿಮಿಷದ ನಡಿಗೆ. ಬಯಲಲ್ಲಿದೆ, ಟಿಕೆಟ್ ಇಲ್ಲ, ಸಮಯದ ಕಟ್ಟಿಲ್ಲ.

11ಕ್ಕೆ ಅರಮನೆ ಮುಂದೆ ಕಾವಲು ಬದಲಾವಣೆ. ಆ ದಿನ ಇದೆಯಾ ಅಂತ ವೆಬ್‌ಸೈಟ್ ನೋಡಿ, ಮಳೆ ಜೋರಾದರೆ ರದ್ದು.

ಊಟ ಮುಗಿಸಿ ಸೌತ್ ಕೆನ್ಸಿಂಗ್ಟನ್, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಪ್ರವೇಶ ಉಚಿತ. ಗ್ಯಾಲರಿಗಳನ್ನು ನವೀಕರಣಕ್ಕೆ ಮುಚ್ಚೋದುಂಟು, ಹಾಗಾಗಿ ಹೋಗುವ ಮುಂಚೆ ಅವರ ವೆಬ್‌ಸೈಟಲ್ಲಿ ಟಿಪ್ಪುವಿನ ಹುಲಿ ಪ್ರದರ್ಶನದಲ್ಲಿದೆಯಾ ಖಚಿತ ಮಾಡಿಕೊಳ್ಳಿ. ಇದ್ದರೆ ಪಕ್ಕಕ್ಕೆ ನಿಂತು ನೋಡಿ: ಹುಲಿಯ ಮೈಯಲ್ಲಿ ಒಂದು ಹಿಡಿ, ಅದನ್ನು ತಿರುಗಿಸಿದರೆ ಕೆಳಗೆ ಬಿದ್ದ ಸೈನಿಕನ ಕೈ ಏಳಬೇಕು, ನರಳಬೇಕು, ಹುಲಿ ಗುರುಗುಟ್ಟಬೇಕು. ಹೊಟ್ಟೆಯೊಳಗೆ ಪುಟ್ಟ ಆರ್ಗನ್ನೇ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದ ಮಾಲು ಅದು.

ನಾಲ್ಕೂವರೆಗೆ ಅಲ್ಲಿಂದ ಹೊರಡಿ, ಬ್ಯಾಗ್ ತಗೊಂಡು ಐದೂಕಾಲಿಗೆ ಅರ್ಲ್ಸ್ ಕೋರ್ಟ್‌ನಲ್ಲಿ ಟ್ರೈನ್. ಪಿಕಾಡಿಲಿ ಲೈನ್ ಮುಂದೆ ಕವಲೊಡೆಯುತ್ತೆ. ಬೋರ್ಡಿನಲ್ಲಿ 'ಹೀಥ್ರೋ' ಇದ್ದರೆ ಸಾಲದು, ಟರ್ಮಿನಲ್ ನಂಬರ್ ಓದಿ. ನಿಮಗೆ ಬೇಕಾದ್ದು '2, 3 ಮತ್ತು 5'. ಡಿಸ್ಟ್ರಿಕ್ಟ್‌ನಲ್ಲೂ ಅಷ್ಟೇ, ಟವರ್ ಕಡೆ ಹೋಗೋರು 'ಎಜ್‌ವೇರ್ ರೋಡ್' ಟ್ರೈನ್ ಹತ್ತಬೇಡಿ.

ಶನಿವಾರ-ಭಾನುವಾರವೇ ಹಳಿ ರಿಪೇರಿಗೆ ಲೈನ್ ಮುಚ್ಚೋದು. ಗುರುವಾರ ಒಮ್ಮೆ ಟಿಎಫ್‌ಎಲ್ (ಲಂಡನ್ ಸಾರಿಗೆ ಸಂಸ್ಥೆ) ಆ್ಯಪ್ ತೆಗೆದು ಆ ವಾರಾಂತ್ಯ ಯಾವುದು ಬಂದ್ ನೋಡಿ. ಪಿಕಾಡಿಲಿ ಇಲ್ಲಾಂದ್ರೆ ಅದೇ 'ಎಜ್‌ವೇರ್ ರೋಡ್' ಟ್ರೈನೇ ಗತಿ: ಪ್ಯಾಡಿಂಗ್ಟನ್‌ನಲ್ಲಿಳಿದು ಎಲಿಜಬೆತ್ ಲೈನ್. ದರ ಜಾಸ್ತಿ, ಆದರೆ ವಿಮಾನ ತಪ್ಪಲ್ಲ.

ಬಯಲುಸೀಮೆ:

ಸರಿ, ಶಾಪಿಂಗ್ ಕೈಬಿಟ್ಟೆ. ನಾಲ್ಕೂ ಜನರ ಕಾರ್ಡ್ ಸೆಟ್ಟಿಂಗ್ ಇವತ್ತೇ ನೋಡ್ತೀವಿ.