ದುಡ್ಡು ಇಷ್ಟೇ ಇದೆ, ರಜೆ ಚೆನ್ನಾಗಿರಬೇಕು: ಎಲ್ಲಿ ಕೈ ಹಿಡಿಯಲಿ, ಎಲ್ಲಿ ಬಿಡಲಿ?

ನೀಲಿಛತ್ರಿ:

ಎಲ್ಲರಿಗೂ ನಮಸ್ಕಾರ. ಮಕ್ಕಳ ರಜೆಯಲ್ಲಿ ಮನೆಮಂದಿಯೆಲ್ಲ ಎಲ್ಲಾದರೂ ಹೋಗಿಬರೋಣ ಅಂತಿದ್ದೇವೆ. ನಾವು ಐದು ಜನ. ನಾನು, ನಮ್ಮ ಯಜಮಾನರು, ಕಾಲೇಜಿಗೆ ಸೇರಲಿರುವ ಮಗಳು, ಆರು ವರ್ಷದ ಮಗ, ಮತ್ತೆ ನಮ್ಮ ಅತ್ತೆ. ಅತ್ತೆಗೆ ಮಂಡಿನೋವು.

ಇದಕ್ಕಾಗಿ ತಿಂಗಳು ತಿಂಗಳು ಎತ್ತಿಟ್ಟ ದುಡ್ಡಿದೆ. ಅದು ಬಿಟ್ಟು ಒಂದು ಕಾಸೂ ಜಾಸ್ತಿ ಹಾಕುವ ಹಾಗಿಲ್ಲ. ಸಾಲ ಬೇಡ, ಕ್ರೆಡಿಟ್ ಕಾರ್ಡ್ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೇವೆ.

ಮಗಳಿಗೆ ಸಮುದ್ರ ಬೇಕು. ಯಜಮಾನರು ಹೋಗುವುದು ಹೋಗುತ್ತೇವೆ, ಒಂದೇ ಸಲ ನಾಲ್ಕು ಊರು ನೋಡಿಬಿಡೋಣ ಅನ್ನುತ್ತಾರೆ. ಅತ್ತೆ ಮಾತ್ರ "ನನ್ನನ್ನು ಬಿಟ್ಟು ಹೋಗಿ, ನನ್ನ ಪಾಲಿನ ಖರ್ಚು ಉಳಿಯುತ್ತೆ" ಅಂತ ದಿನಾ ಹೇಳುತ್ತಿದ್ದಾರೆ. ಅವರನ್ನು ಬಿಟ್ಟು ಹೋಗುವುದು ನನಗೆ ಖಂಡಿತ ಇಷ್ಟವಿಲ್ಲ.

ಎಲ್ಲಿ ಕಡಿಮೆ ಮಾಡಿದರೆ ರಜೆಯ ಖುಷಿ ಕೆಡುವುದಿಲ್ಲ? ಎಲ್ಲಿ ಕಡಿಮೆ ಮಾಡಲೇಬಾರದು? ಹೋಗಿಬಂದು ಅನುಭವ ಇರುವವರು ದಯವಿಟ್ಟು ಹೇಳಿ.

ಕಿಟಕಿಸೀಟು:

ಮೇಡಂ, ನಾನು ಟಿಕೆಟ್ ಬುಕಿಂಗ್ ಕೆಲಸದಲ್ಲಿ ಇದ್ದವನು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ವಿಮಾನದಲ್ಲಿ ಹೋಗುವುದಾದರೆ ಐದು ಟಿಕೆಟ್ ಒಟ್ಟಿಗೆ ಹುಡುಕಿ ಸುಮ್ಮನಾಗಬೇಡಿ. ಒಂದೇ ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಗುಂಪುಗಳಾಗಿ ಮಾರುತ್ತಾರೆ. ಕಡಿಮೆ ದರದ ಗುಂಪಿನಲ್ಲಿ ಮೂರೇ ಸೀಟು ಉಳಿದಿವೆ ಅಂತಿಟ್ಟುಕೊಳ್ಳಿ. ನೀವು ಐದು ಕೇಳಿದರೆ ಸಾಮಾನ್ಯವಾಗಿ ಐದಕ್ಕೂ ಮೇಲಿನ ದರವನ್ನೇ ತೋರಿಸುತ್ತೆ. ಮೊದಲು ಒಬ್ಬರಿಗೆ, ಆಮೇಲೆ ಮೂವರಿಗೆ, ಆಮೇಲೆ ಐವರಿಗೆ ಹಾಕಿ ನೋಡಿ. ದರ ಎಲ್ಲಿ ಏರುತ್ತದೆ ಅಂತ ಗೊತ್ತಾಗುತ್ತೆ. ಅಲ್ಲಿಗೆ ಟಿಕೆಟ್ ಎರಡು ಭಾಗ ಮಾಡಿ ತೆಗೆದುಕೊಳ್ಳಿ. ಆದರೆ ಮಗ ಚಿಕ್ಕವನು, ಅವನ ಟಿಕೆಟ್ ನಿಮ್ಮ ಟಿಕೆಟ್ ಜೊತೆಯಲ್ಲೇ ಇರಲಿ. ಎರಡು ಬೇರೆ ಬುಕಿಂಗ್ ಆದಾಗ ಒಂದನ್ನು ಬದಲಾಯಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ, ಅದೂ ನೆನಪಿರಲಿ.

ಲಗೇಜಿನ ನಿಯಮ ಓದದೆ ಯಾವ ಟಿಕೆಟನ್ನೂ ಅಗ್ಗ ಅಂದುಕೊಳ್ಳಬೇಡಿ. ತುಂಬಾ ಏರ್‌ಲೈನ್‌ಗಳಲ್ಲಿ ಕೈಚೀಲಕ್ಕೆ 7 ಕೆಜಿ ಮಿತಿ. ಏರ್‌ಪೋರ್ಟಿನಲ್ಲಿ ತೂಕ ಜಾಸ್ತಿ ಬಂದರೆ ಕಟ್ಟುವ ದುಡ್ಡು ಆನ್‌ಲೈನಿನಲ್ಲಿ ಮೊದಲೇ ಕಟ್ಟುವುದಕ್ಕಿಂತ ಹೆಚ್ಚು.

ರೈಲು ಅಥವಾ ಬಸ್ಸಾದರೆ ರಾತ್ರಿ ಪ್ರಯಾಣ ಮಾಡಿ. ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಯುತ್ತದೆ.

ಲೆಕ್ಕದಪುಸ್ತಕ:

ನೀಲಿಛತ್ರಿ ಅವರೇ, ಅತ್ತೆಯವರನ್ನು ಬಿಟ್ಟು ಹೋಗಲ್ಲ ಅಂದಿರಲ್ಲ, ಓದಿ ತುಂಬಾ ಖುಷಿಯಾಯಿತು. ಅಲ್ಲಿಂದಲೇ ಶುರು ಮಾಡೋಣ.

ನಮ್ಮ ಮನೆಯಲ್ಲಿ ಪ್ರವಾಸದ ಲೆಕ್ಕ ಬರೆಯುವುದು ನಾನು. ಮದುವೆಯಾದಾಗಿನಿಂದ ಒಂದೇ ಉದ್ದನೆಯ ನೋಟ್‌ಬುಕ್. ಎಡಗಡೆ ಪೆನ್ನಿನಲ್ಲಿ ಖರ್ಚು. ಬಲಗಡೆ ಜಾಗ ಖಾಲಿ ಬಿಡುತ್ತೇನೆ. ಊರಿಂದ ಬಂದು ಒಂದು ತಿಂಗಳಾದ ಮೇಲೆ ಮನೆಯವರನ್ನೆಲ್ಲ ಕೂರಿಸಿ "ಏನು ನೆನಪಿದೆ?" ಅಂತ ಕೇಳಿ, ಅವರು ಹೇಳಿದ್ದನ್ನು ಆ ಖರ್ಚಿನ ಎದುರಿಗೆ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಒಂದು ಪುಟ ಈಗ ನನ್ನ ಮುಂದೆಯೇ ಇದೆ. ಮೋಟಾರ್ ಬೋಟ್ ಸವಾರಿ, ಆ ಸಲದ ದೊಡ್ಡ ಖರ್ಚುಗಳಲ್ಲಿ ಒಂದು. ಅದರ ಎದುರಿಗೆ ಪೆನ್ಸಿಲ್ ಗುರುತೇ ಇಲ್ಲ. ಗುಡ್ಡದ ಮೇಲಿನ ಕೇಬಲ್ ಕಾರ್ ಎದುರಿಗೆ ಬರೀ "ಕ್ಯೂ" ಅಂತಿದೆ. ಪುಟದ ಕೊನೆಯಲ್ಲಿ ಎಡಗಡೆ ಏನೂ ಇಲ್ಲದ ಸಾಲೊಂದರ ಬಲಗಡೆ ಮೂವರ ಹೆಸರೂ ಇದೆ. ಕರೆಂಟ್ ಹೋಗಿದ್ದ ಸಂಜೆ ವಸತಿಗೃಹದ ಮೆಟ್ಟಿಲ ಮೇಲೆ ಮೇಣದಬತ್ತಿ ಇಟ್ಟುಕೊಂಡು ಇಸ್ಪೀಟು ಆಡಿದ್ದು.

ಹಾಗಂತ ದುಡ್ಡು ಖರ್ಚು ಮಾಡಿದ್ದೆಲ್ಲ ದಂಡ ಅಂತಲ್ಲ. ಪೆನ್ಸಿಲ್ ತುಂಬಾ ಓಡಿರುವ ದುಬಾರಿ ಸಾಲುಗಳೂ ಇವೆ. ಅವೆಲ್ಲ ಯಾರೋ ಒಬ್ಬರು ಹೋಗುವ ಮೊದಲೇ "ನನಗಿದು ಬೇಕೇ ಬೇಕು" ಅಂತ ಹೇಳಿಟ್ಟಿದ್ದವು. ಅದಕ್ಕೇ ನಾನು ಹೇಳುವುದು ಇದೊಂದೇ. ಊರು ಆರಿಸುವ ಮೊದಲು ಐದು ಜನರನ್ನೂ ಕೇಳಿ. ಒಬ್ಬೊಬ್ಬರಿಗೆ ಒಂದೇ ಒಂದು. ಅತ್ತೆಯವರನ್ನೂ ಬಿಡದೆ ಕೇಳಿ. "ನನಗೇನೂ ಬೇಡಮ್ಮ" ಅಂದರೆ ಅಲ್ಲಿಗೇ ನಿಲ್ಲಿಸಬೇಡಿ, ಎರಡು ದಿನ ಬಿಟ್ಟು ಮತ್ತೆ ಕೇಳಿ. ಆ ಐದು ಆಸೆಗಳಿಗೆ ದುಡ್ಡು ಮೊದಲು ಎತ್ತಿಡಿ. ಉಳಿದದ್ದರಲ್ಲಿ ಪ್ರಯಾಣ, ವಸತಿ, ಊಟ. ಬಹಳ ಜನ ಮಾಡುವುದು ಇದರ ಉಲ್ಟಾ. ಟಿಕೆಟ್ಟು, ರೂಮು ಅಂತ ಎಲ್ಲ ಕಳೆದ ಮೇಲೆ ಮಕ್ಕಳ ಆಸೆಗೆ ಬಂದಾಗ ಕೈ ಹಿಂದೆ ಸರಿಯುತ್ತದೆ.

ಇನ್ನು ನಾಲ್ಕು ಊರಿನ ವಿಷಯ. ನಿಮ್ಮ ಯಜಮಾನರು ಬೇಜಾರು ಮಾಡಿಕೊಳ್ಳಬಾರದು, ಆದರೆ ಕಡಿಮೆ ದುಡ್ಡಿನ ರಜೆಗೆ ಇದಕ್ಕಿಂತ ದೊಡ್ಡ ಶತ್ರು ಇನ್ನೊಂದಿಲ್ಲ. ಊರು ಬದಲಾಯಿಸಿದಷ್ಟು ಸಲ ಐದು ಜನರ ಪ್ರಯಾಣದ ದುಡ್ಡು, ಸ್ಟೇಷನ್ನಿನಿಂದ ರೂಮಿಗೆ ಗಾಡಿ, ಅವಸರದಲ್ಲಿ ಸಿಕ್ಕಲ್ಲಿ ಊಟ. ಹತ್ತು ಗಂಟೆಗೋ ಹನ್ನೊಂದಕ್ಕೋ ಒಂದು ಕಡೆ ರೂಮು ಬಿಡಬೇಕು, ಇನ್ನೊಂದು ಕಡೆ ಮಧ್ಯಾಹ್ನದ ತನಕ ರೂಮು ಸಿಗಲ್ಲ. ಆ ಹೊತ್ತೆಲ್ಲ ಲಗೇಜ್ ಕಾಯುವುದರಲ್ಲೇ ಕಳೆಯುತ್ತದೆ. ಒಂದೇ ಊರಿನಲ್ಲಿ ಉಳಿದರೆ ವಾರದ ಲೆಕ್ಕದಲ್ಲಿ ಬಾಡಿಗೆ ಇಳಿಸಿ ಕೊಡುವವರಿದ್ದಾರೆ. ಮೂರನೇ ದಿನಕ್ಕೆ ಯಾವ ಬಸ್ಸು ಎಲ್ಲಿಗೆ, ಊಟ ಎಲ್ಲಿ ಚೆನ್ನ ಅಂತ ನಿಮಗೇ ಗೊತ್ತಾಗಿರುತ್ತದೆ. ಯಜಮಾನರಿಗೆ ಬೇಕಿದ್ದರೆ ಹತ್ತಿರದ ಇನ್ನೊಂದು ಊರಿಗೆ ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಲಗೇಜೂ ಬೇಡ, ಅತ್ತೆಗೆ ಸುಸ್ತಾದರೆ ಅವತ್ತು ರೂಮಿನಲ್ಲಿ ಆರಾಮಾಗಿ ಇರಬಹುದು.

ಕಿಟಕಿಸೀಟು ಅವರೇ, ನಿಮ್ಮ ಟಿಕೆಟ್ಟಿನ ಮಾತು ಬಹಳ ಉಪಯೋಗದ್ದು. ಆದರೆ ರಾತ್ರಿ ಪ್ರಯಾಣ ಇವರಿಗೆ ಬೇಡ ಅನ್ನಿಸುತ್ತೆ. ಮಂಡಿನೋವಿನವರು ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಮಡಚಿ ಕೂತು, ಬೆಳಿಗ್ಗೆ ಆರಕ್ಕೆ ಇಳಿದು, ರೂಮಿಗೆ ಮಧ್ಯಾಹ್ನದವರೆಗೆ ಕಾಯುವುದೆಂದರೆ ಆ ದಿನ ಹೋದಂತೆಯೇ. ಮಲಗುವ ಬರ್ತ್ ಇರುವ ರೈಲು, ಅದರಲ್ಲೂ ಕೆಳಗಿನ ಬರ್ತ್ ಸಿಕ್ಕರೆ ಆಗಬಹುದು.

ಕೊನೆಯ ದಿನದ ಬಗ್ಗೆ ಒಂದು ಮಾತು. ಡೇನಿಯಲ್ ಕಾನೆಮನ್ ಅಂತ ಮನಶ್ಶಾಸ್ತ್ರಜ್ಞರು ಇದ್ದರು, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತ್ತು. ಅವರೂ ಜೊತೆಯವರೂ 1993ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಜನರ ಕೈಯನ್ನು 60 ಸೆಕೆಂಡ್ ಕೊರೆಯುವ ನೀರಿನಲ್ಲಿ ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್, ಆದರೆ ಆ 30ರಲ್ಲಿ ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿದರು. ಮತ್ತೆ ಮಾಡುವುದಾದರೆ ಯಾವುದು ಬೇಕು ಅಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ನೋವಿನ ಹೊತ್ತು ಜಾಸ್ತಿಯಾದರೂ ಮುಗಿದ ರೀತಿ ಮೆತ್ತಗಿತ್ತು, ಅದೇ ಮನಸ್ಸಿನಲ್ಲಿ ಉಳಿಯಿತು. ನನ್ನ ಪುಸ್ತಕವೂ ಅದನ್ನೇ ಹೇಳುತ್ತದೆ. ಆದ್ದರಿಂದ ಅಗ್ಗ ಅಂತ ನಡುರಾತ್ರಿ ಹೊರಡುವ ವಾಪಸ್ ಟಿಕೆಟ್ ತೆಗೆಯಬೇಡಿ. ಕೊನೆಯ ದಿನಕ್ಕೆ ಅಂತ ಒಂದು ಕವರಿನಲ್ಲಿ ದುಡ್ಡು ಬೇರೆ ಇಡಿ, ಏನೇ ಆದರೂ ಮೊದಲೇ ಮುಟ್ಟಬೇಡಿ. ಐವರ ಆಸೆಯಲ್ಲಿ ಒಂದನ್ನು ಆ ದಿನಕ್ಕೇ ಉಳಿಸಿ.

ದಾರಿಹೋಕ:

ಅಕ್ಕ, ಲೆಕ್ಕದಪುಸ್ತಕ ಅವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ, ವಸತಿಯ ಬಗ್ಗೆ ಮಾತ್ರ.

ಪ್ರವಾಸಿಗರು ಕಡಿಮೆ ಖರ್ಚಿನಲ್ಲಿ ತಂಗುವ ಹಾಸ್ಟೆಲ್‌ಗಳಿವೆ, ಹಾಸ್ಟೆಲ್ ಅಂದರೆ ಹುಡುಗರಿಗೆ ಅಂತ ಬಿಟ್ಟುಬಿಡಬೇಡಿ. ಅದನ್ನು ಶುರು ಮಾಡಿದ್ದೇ ಒಬ್ಬ ಮೇಷ್ಟ್ರು, ಜರ್ಮನಿಯ ರಿಚರ್ಡ್ ಶಿರ್ಮನ್. ಮಕ್ಕಳನ್ನು ಕಾಲ್ನಡಿಗೆಯಲ್ಲಿ ಊರು ತೋರಿಸಲು ಕರೆದುಕೊಂಡು ಹೋಗುತ್ತಿದ್ದರು, ರಾತ್ರಿ ತಂಗಲು ಕಡಿಮೆ ಖರ್ಚಿನ ಜಾಗ ಬೇಕಿತ್ತು. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲನೆಯದು ಶುರುವಾಯಿತು. ಈಗ ಎಷ್ಟೋ ಹಾಸ್ಟೆಲ್‌ಗಳಲ್ಲಿ ಮನೆಮಂದಿಗೆ ಪೂರ್ತಿ ರೂಮು ಕೊಡುತ್ತಾರೆ, ಎಲ್ಲರೂ ಬಳಸುವ ಅಡುಗೆಮನೆಯೂ ಇರುತ್ತದೆ. ಬೆಳಗಿನ ತಿಂಡಿಯನ್ನು ನೀವೇ ಮಾಡಿಕೊಂಡರೂ ಐದು ಜನರ ಲೆಕ್ಕದಲ್ಲಿ ದೊಡ್ಡ ಉಳಿತಾಯ. ಬುಕ್ ಮಾಡುವ ಮೊದಲು ಲಿಫ್ಟ್ ಇದೆಯಾ, ರೂಮಿನ ಒಳಗೇ ಬಾತ್‌ರೂಮ್ ಇದೆಯಾ ಅಂತ ಕೇಳಿ, ಅತ್ತೆಯವರ ಸಲುವಾಗಿ.

ಬಾಡಿಗೆ ಮನೆ ನೋಡುವಾಗ ಕ್ಲೀನಿಂಗ್ ಚಾರ್ಜ್ ನೋಡಿ. ಅದು ಸಾಮಾನ್ಯವಾಗಿ ಒಂದು ಸಲಕ್ಕೆ ಇಷ್ಟು ಅಂತ ಇರುತ್ತದೆ. ಎರಡು ರಾತ್ರಿ ಇದ್ದರೂ ಅಷ್ಟೇ, ಏಳು ರಾತ್ರಿ ಇದ್ದರೂ ಅಷ್ಟೇ. ಒಂದೇ ಊರಿನಲ್ಲಿ ಉಳಿಯುವುದಕ್ಕೆ ಇದೂ ಒಂದು ಕಾರಣ.

ದಿನ ಆರಿಸುವುದೂ ಮುಖ್ಯ. ಸಮುದ್ರದ ಊರು, ಬೆಟ್ಟದ ಊರುಗಳಲ್ಲಿ ಶನಿವಾರ, ಭಾನುವಾರ ದರ ಏರುತ್ತದೆ. ಆಫೀಸು ಕೆಲಸಕ್ಕೆ ಜನ ಬರುವ ಊರುಗಳಲ್ಲಿ ವಾರಾಂತ್ಯಕ್ಕೇ ಇಳಿಯುವುದು ಹೆಚ್ಚು. ಮಗಳಿಗೆ ಸಮುದ್ರ ಬೇಕು ಅಂದಿದ್ದೀರಿ. ಸೋಮವಾರದಿಂದ ಗುರುವಾರದವರೆಗೆ ಇಟ್ಟುಕೊಳ್ಳಿ. ಉಚಿತವಾಗಿ ರದ್ದು ಮಾಡಬಹುದಾದ ರೂಮನ್ನು ಈಗಲೇ ಹಿಡಿದಿಡಿ, ಹತ್ತಿರ ಬಂದಾಗ ಮತ್ತೆ ದರ ನೋಡಿ. ಇಳಿದಿದ್ದರೆ ಹೊಸದು ಬುಕ್ ಮಾಡಿದ ಮೇಲೆ ಹಳೆಯದು ರದ್ದು ಮಾಡಿ. ರದ್ದು ಮಾಡಲು ಕೊನೆಯ ದಿನಾಂಕ ಯಾವುದು ಅಂತ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ನೀಲಿಛತ್ರಿ:

ಮೂವರಿಗೂ ತುಂಬಾ ಧನ್ಯವಾದಗಳು. ನಿನ್ನೆ ರಾತ್ರಿ ಊಟದ ಹೊತ್ತಿಗೆ ಎಲ್ಲರನ್ನೂ ಕೇಳಿದೆ. ಮಗಳಿಗೆ ಸಮುದ್ರವೇ. ಮಗನಿಗೆ ದೊಡ್ಡ ಅಕ್ವೇರಿಯಂ. ಯಜಮಾನರಿಗೆ ಒಂದು ಹಳೇ ಕೋಟೆ. ನನಗೆ ಒಂದು ದಿನ ಪೂರ್ತಿ ಒಲೆ ಮುಂದೆ ನಿಲ್ಲದೆ ಇರುವುದು! ಅತ್ತೆ ಮೊದಲು ಏನೂ ಬೇಡ ಅಂದರು. ಮಲಗುವ ಮುಂಚೆ ಬಂದು "ಸೂರ್ಯ ಹುಟ್ಟುವಾಗ ನೀರಿನ ಹತ್ತಿರ ಕೂರಬೇಕು ಅಂತ ಆಸೆ ಇದೆ, ಆಗುತ್ತಾ?" ಅಂದರು.

ಒಂದೇ ಊರು ಅಂತ ಯಜಮಾನರೂ ಒಪ್ಪಿದ್ದಾರೆ. ಇನ್ನೊಂದು ಅನುಮಾನ. ಹೊರಡುವುದಕ್ಕೆ ಇನ್ನೂ ತುಂಬಾ ದಿನ ಇದೆ. ಮಗನಿಗೆ ಈಗಲೇ ಹೇಳಲಾ, ಅಥವಾ ಹಿಂದಿನ ದಿನ ಹೇಳಲಾ? ದಿನಾ "ಯಾವಾಗ, ಯಾವಾಗ" ಅಂತ ಪ್ರಾಣ ತಿನ್ನುತ್ತಾನೆ.

ಲೆಕ್ಕದಪುಸ್ತಕ:

ಈಗಲೇ ಹೇಳಿ! ಕಾಯುವುದೂ ರಜೆಯ ಭಾಗವೇ, ಅದಕ್ಕೆ ಖರ್ಚೂ ಇಲ್ಲ. ನೆದರ್ಲೆಂಡ್ಸ್‌ನ ಜನರ ಮೇಲೆ ಮಾಡಿದ ಒಂದು ಅಧ್ಯಯನ 2010ರಲ್ಲಿ ಬಂದಿತ್ತು. ರಜೆಗೆ ಹೋಗುವವರು ಹೊರಡುವ ಮೊದಲೇ ಉಳಿದವರಿಗಿಂತ ಖುಷಿಯಾಗಿದ್ದರು. ಬಂದ ಮೇಲೆ ನೋಡಿದರೆ ಹೋಗದವರಿಗೂ ಇವರಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ತುಂಬಾ ಆರಾಮಾಗಿ ರಜೆ ಕಳೆದವರಲ್ಲಿ ಮಾತ್ರ ಆ ಖುಷಿ ಆಮೇಲೂ ಸ್ವಲ್ಪ ದಿನ ಉಳಿದಿತ್ತು. ಹಾಗಾಗಿ ದಿನಗಳನ್ನು ತುಂಬಿಸಬೇಡಿ. ದಿನಕ್ಕೆ ಒಂದು ಜಾಗ ಸಾಕು.

ಮಗನಿಗೆ ಒಂದು ಕೆಲಸ ಕೊಡಿ. ಅಕ್ವೇರಿಯಂನಲ್ಲಿ ಯಾವ ಯಾವ ಮೀನು ನೋಡಬೇಕು ಅಂತ ಅವನೇ ಚಿತ್ರ ಬರೆದು ಗೋಡೆಗೆ ಅಂಟಿಸಲಿ. ಮಗಳು ಕಾಲೇಜಿಗೆ ಹೋಗುವವಳು, ಬಸ್ಸಿನ ಹೊತ್ತು, ಕೋಟೆಗೆ ಟಿಕೆಟ್ ಇದೆಯಾ, ಯಾವ ದಿನ ಬಾಗಿಲು ಹಾಕಿರುತ್ತಾರೆ, ಇದೆಲ್ಲ ಅವಳೇ ಹುಡುಕಲಿ. ಮ್ಯೂಸಿಯಂ, ಅಕ್ವೇರಿಯಂಗಳಲ್ಲಿ ಮಕ್ಕಳಿಗೆ, ವಿದ್ಯಾರ್ಥಿಗಳಿಗೆ, ಹಿರಿಯರಿಗೆ ರಿಯಾಯಿತಿ ಇರುವುದು ಜಾಸ್ತಿ. ನಿಮ್ಮಲ್ಲಿ ಮೂವರೂ ಇದ್ದಾರೆ! ಗುರುತಿನ ಚೀಟಿಗಳನ್ನು ಮರೆಯದೆ ಇಟ್ಟುಕೊಳ್ಳಿ.

ಅತ್ತೆಯವರ ಆಸೆಗೆ ಒಂದು ವಿಷಯ ನೋಡಿಕೊಳ್ಳಿ. ನೀವು ಹೋಗುವ ತೀರ ಪಶ್ಚಿಮಕ್ಕೆ ಮುಖ ಮಾಡಿದ್ದರೆ ನೀರಿನ ಮೇಲೆ ಸೂರ್ಯ ಮುಳುಗುವುದು ಕಾಣುತ್ತದೆ, ಹುಟ್ಟುವುದು ಕಾಣುವುದಿಲ್ಲ. ಮ್ಯಾಪಿನಲ್ಲಿ ಪೂರ್ವಕ್ಕೆ ತೆರೆದ ತೀರವನ್ನೇ ಹುಡುಕಿ. ರೂಮು ಅಲ್ಲಿಂದ ನಡೆಯುವ ದೂರದಲ್ಲಿರಲಿ, ಅದಕ್ಕೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಕೊಡಿ. ಬೆಳಗಿನ ಜಾವ ಗಾಡಿ ಹುಡುಕುವುದು ತಪ್ಪುತ್ತದೆ, ಮರಳಿನ ಮೇಲೆ ಅವರು ಹೆಚ್ಚು ನಡೆಯಬೇಕಾಗಿಲ್ಲ. ನೆಲದ ಮೇಲೆ ಕೂತರೆ ಏಳುವುದು ಕಷ್ಟ ಆಗುತ್ತೆ. ಮಡಚುವ ಸಣ್ಣ ಸ್ಟೂಲ್ ಒಂದನ್ನು ಮನೆಯಿಂದಲೇ ತೆಗೆದುಕೊಂಡು ಹೋಗಿ.