ಸಹಾಯ ಬೇಕು: ಒಂದೇ ಪ್ರಬಂಧಕ್ಕೆ ಒಬ್ಬರು 8, ಇನ್ನೊಬ್ಬರು 4

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ಈ ವರ್ಷ ವಿಜ್ಞಾನದ ಮೇಷ್ಟ್ರ ಜೊತೆ ಸೇರಿ ‘ಮನುಷ್ಯನ ದೊಡ್ಡ ಯೋಚನೆಗಳು’ ಅಂತ ಹೊಸ ಕೋರ್ಸ್ ಶುರು ಮಾಡಿದ್ದೇವೆ. ಸೊನ್ನೆ, ಪ್ರಜಾಪ್ರಭುತ್ವ, ವಿಕಾಸವಾದ, ಹೀಗೆ. ಪಾಠ ಚೆನ್ನಾಗೇ ನಡೆಯುತ್ತಿದೆ. ತಲೆನೋವು ಅಂಕದ್ದು.

ಸೂರ್ಯನೇ ನಡುವೆ ಇರೋದು ಅನ್ನುವ ಯೋಚನೆಯ ಬಗ್ಗೆ ಒಬ್ಬಳು ಹುಡುಗಿ ಬರೆದಿದ್ದಾಳೆ: ‘ನೆಲ ಅಲ್ಲಾಡದೆ ನಿಂತಿದೆ ಅಂತ ಕಾಲು ಹೇಳುತ್ತದೆ. ಕಾಲಿನ ಮಾತು ಬಿಟ್ಟು ಲೆಕ್ಕದ ಮಾತು ನಂಬೋಕೆ ಧೈರ್ಯ ಬೇಕು.’ ಓದಿ ಸುಮ್ನೆ ಕೂತುಬಿಟ್ಟೆ. ಆದರೆ ಮುಂದಿನ ಸಾಲಲ್ಲೇ ಕೊಪರ್ನಿಕಸ್ ಟೆಲಿಸ್ಕೋಪ್‌ನಲ್ಲಿ ನೋಡಿ ಇದನ್ನು ಸಾಬೀತು ಮಾಡಿದ ಅಂತಿದೆ! ಅವನು ತೀರಿಕೊಂಡಿದ್ದು 1543ರಲ್ಲಿ. ಗೆಲಿಲಿಯೋ ಟೆಲಿಸ್ಕೋಪನ್ನು ಆಕಾಶಕ್ಕೆ ತಿರುಗಿಸಿದ್ದು 1609ರಲ್ಲಿ.

ನಾನು ಹತ್ತಕ್ಕೆ 8 ಕೊಟ್ಟೆ, ಮೇಷ್ಟ್ರು 4. ಸರಾಸರಿ 6 ಅಂದೆವು. ‘ಎಲ್ಲಿ ತಪ್ಪಿದೆ ಸಾರ್?’ ಅಂತ ಅವಳು ಕೇಳಿದಾಗ ಇಬ್ಬರೂ ಬೇರೆ ಬೇರೆ ಉತ್ತರ ಕೊಟ್ಟೆವು. ಆಮೇಲೆ ಮಾಹಿತಿಗೆ 5, ವಾದಕ್ಕೆ 5 ಅಂತ ಹಂಚಿದೆವು. ಮಕ್ಕಳು ಜಾಣರು ಅಲ್ವಾ, ಇಸವಿಗಳನ್ನು ಬಾಯಿಪಾಠ ಮಾಡಿ ಐದು ಗಿಟ್ಟಿಸಿಕೊಂಡು ಯೋಚಿಸೋದನ್ನೇ ಬಿಟ್ಟರು.

ನನ್ನ ಗೊಂದಲ ಇಷ್ಟೇ. ಒಳ್ಳೆಯ ವಾದ ತಪ್ಪು ಮಾಹಿತಿಯ ಮೇಲೆ ನಿಂತಿದ್ದರೆ ವಾದದ ಅಂಕವನ್ನೂ ಕತ್ತರಿಸಬೇಕಾ, ಇಲ್ಲ ತಿದ್ದಿ ಮತ್ತೆ ಬರೆಯಲು ಬಿಡಬೇಕಾ? ಇಂಥ ಕೋರ್ಸ್ ನಡೆಸಿದವರು ಅಂಕ ಹೇಗೆ ಹಂಚುತ್ತೀರಿ, ದಯವಿಟ್ಟು ತಿಳಿಸಿ. ಮುಂದಿನ ವಾರ ಡಾರ್ವಿನ್ ಪ್ರಬಂಧಗಳು ಬರುತ್ತವೆ.