ಅಲೆಯೇ ಹಡಗನ್ನು ತಳ್ಳಿದರೆ ಎಣ್ಣೆ ಎಷ್ಟು ಉಳಿಯುತ್ತದೆ?

ಅಲೆಗಾರ: ಹಡಗಿನ ಮೂತಿಯ ಹತ್ತಿರ, ನೀರಿನೊಳಗೆ ಎರಡು ಕಡೆ ರೆಕ್ಕೆ ಚಾಚಿದರೆ ಅಲೆಯ ಏರಿಳಿತವೇ ಹಡಗನ್ನು ಮುಂದಕ್ಕೆ ಎಳೆಯುತ್ತದೆ. ನಾರ್ವೆಯ ವೇವ್‌ಫಾಯಿಲ್ ಕಂಪನಿ ಇಂಥ ಒಳಗೆಳೆದುಕೊಳ್ಳುವ ರೆಕ್ಕೆಗಳನ್ನು 2019ರಲ್ಲಿ ಫಾರೋ ದ್ವೀಪಗಳ ಟೀಸ್ಟಿನ್ ಎಂಬ ಫೆರ್ರಿಗೆ (ಜನ, ವಾಹನಗಳನ್ನು ದಾಟಿಸುವ ಹಡಗು) ಕೂರಿಸಿತು. ಇಷ್ಟು ಒಳ್ಳೆಯ ಉಪಾಯ ಇನ್ನೂ ಬೆರಳೆಣಿಕೆಯ ಹಡಗುಗಳಲ್ಲೇ ಉಳಿದಿರುವುದು ನನಗೆ ಬೇಸರದ ವಿಷಯ. ನೀವೆಲ್ಲ ಏನಂತೀರಿ?

ಲೆಕ್ಕಿಗ: ಎದುರಿಂದ ಬರುವ ಅಲೆ ಹಡಗನ್ನು ಹಿಂದಕ್ಕೆ ತಳ್ಳಬೇಕು ತಾನೇ? ಅದು ಮುಂದಕ್ಕೆ ಎಳೆಯುತ್ತದೆ ಅಂದರೆ ನಂಬುವುದು ಕಷ್ಟ. ರೆಕ್ಕೆ ಹಾಕಿದರೆ ನೀರಿನ ತಡೆ ಜಾಸ್ತಿಯಾಗುವುದಂತೂ ಗ್ಯಾರಂಟಿ.

ಅಲೆಗಾರ: ಮೂತಿ ಕೆಳಗಿಳಿಯುವ ಕ್ಷಣವನ್ನು ನೋಡಿ. ಆಗ ರೆಕ್ಕೆಗೆ ನೀರು ಎದುರಿಂದ ಮಾತ್ರವಲ್ಲ, ಸ್ವಲ್ಪ ಕೆಳಗಿನಿಂದಲೂ ಬಂದು ತಾಗುತ್ತದೆ. ನೀರು ಬರುವ ದಿಕ್ಕಿಗೆ ಅಡ್ಡಲಾಗಿ ಎತ್ತುವ ಬಲ ಹುಟ್ಟುತ್ತದೆ. ಹಾಗಾಗಿ ಆ ಬಲ ನೇರ ಮೇಲಕ್ಕಿರದೆ ಸ್ವಲ್ಪ ಮುಂದಕ್ಕೆ ವಾಲಿರುತ್ತದೆ. ಮೂತಿ ಮೇಲೇಳುವಾಗ ಬಲ ಕೆಳಮುಖವಾಗುತ್ತದೆ, ಆದರೆ ವಾಲುವುದು ಆಗಲೂ ಮುಂದಕ್ಕೇ. ಎರಡೂ ಸಲ ಹಡಗಿಗೆ ಲಾಭ. ತಿಮಿಂಗಿಲವೂ ಬಾಲದಿಂದ ಹೀಗೇ ಅಲೆಯ ಶಕ್ತಿ ಪಡೆಯಬಹುದು. ಫಿನ್ ತಿಮಿಂಗಿಲಕ್ಕೆ ಎದುರಲೆಯಲ್ಲಿ ಈಜಲು ಬೇಕಾದ ಶಕ್ತಿಯ ಶೇ. 25ರವರೆಗೆ ಅಲೆಯಿಂದಲೇ ಸಿಗಬಹುದು ಅಂತ 1990ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು.

ಲೆಕ್ಕಿಗ: ಸರಿ, ಬಲದ ಮಾತು ಒಪ್ಪಿದೆ. ವೇಗದ ಮಾತೇನು? 2008ರಲ್ಲಿ ಜಪಾನಿನ ಕೆನಿಚಿ ಹೋರಿಯೆ ಬರೀ ಅಲೆಯ ಬಲದ ದೋಣಿಯಲ್ಲಿ ಹೊನೊಲುಲುವಿನಿಂದ ಜಪಾನಿಗೆ ಹೋದರು. ಸುಮಾರು 7,000 ಕಿ.ಮೀ. ದಾರಿಗೆ ಮೂರು ತಿಂಗಳಿಗೂ ಜಾಸ್ತಿ ಹಿಡಿಯಿತು. ಯಾವ ಸರಕು ಅಷ್ಟು ದಿನ ಕಾಯುತ್ತದೆ?

ಅಲೆಗಾರ: ಎಂಜಿನ್ ತೆಗೆದುಹಾಕಿ ಅಂತ ಯಾರೂ ಹೇಳುತ್ತಿಲ್ಲ. ಎಂಜಿನ್ನಿನ ಜೊತೆ ಕೈ ಜೋಡಿಸುವುದಷ್ಟೇ.

ನೌಕಾವಿನ್ಯಾಸ: ಇಬ್ಬರೂ ಹಡಗಿನ ಉದ್ದದ ಮಾತೇ ಎತ್ತಲಿಲ್ಲ, ಅಸಲು ವಿಷಯ ಅಲ್ಲಿದೆ. ಆಳ ಸಮುದ್ರದಲ್ಲಿ ಅಲೆಯ ಉದ್ದ ಸುಲಭವಾಗಿ ಸಿಗುತ್ತದೆ: ಒಂದು ಅಲೆ ದಾಟಲು ಹಿಡಿಯುವ ಸೆಕೆಂಡುಗಳನ್ನು ಅದರಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿ. 8 ಸೆಕೆಂಡಿನ ಅಲೆ ಸುಮಾರು 100 ಮೀಟರ್ ಉದ್ದ. 400 ಮೀಟರಿನ ಕಂಟೇನರ್ ಹಡಗು ಅಂಥ ನಾಲ್ಕು ಅಲೆಗಳ ಮೇಲೆ ಒಟ್ಟಿಗೆ ಕೂತಿರುತ್ತದೆ. ಅದರ ಮೂತಿ ಅಷ್ಟಾಗಿ ಅಲ್ಲಾಡುವುದಿಲ್ಲ. ಮೂತಿ ಅಲ್ಲಾಡದಿದ್ದರೆ ರೆಕ್ಕೆಗೆ ಹೆಚ್ಚು ಕೆಲಸವೇ ಇಲ್ಲ. ಅಲೆಯ ಉದ್ದವೂ ಹಡಗಿನ ಉದ್ದವೂ ಹತ್ತಿರವಿದ್ದಾಗ ಮಾತ್ರ ಹಡಗು ಚೆನ್ನಾಗಿ ತೂಗುತ್ತದೆ. ಟೀಸ್ಟಿನ್ ಸುಮಾರು 45 ಮೀಟರಿನ ಹಡಗು. ಫೆರ್ರಿ, ಮೀನುಗಾರಿಕೆ ಹಡಗು, ಕರಾವಳಿಯ ಸಣ್ಣ ಸರಕು ಹಡಗು, ಇವುಗಳಿಗೆ ಇದು ಹೇಳಿ ಮಾಡಿಸಿದ್ದು. ದೈತ್ಯ ಹಡಗುಗಳ ಆಸೆ ಸದ್ಯಕ್ಕೆ ಬಿಡಿ.

ಅಲೆಗಾರ: ಹಿಂಭಾಗಕ್ಕೆ ಹಾಕಿದರೆ? ಫ್ರಾನ್ಸಿನ ಬ್ಲೂಫಿನ್ಸ್ ತಿಮಿಂಗಿಲದ ಬಾಲದಂಥ ರೆಕ್ಕೆಯನ್ನು ಹಡಗಿನ ಹಿಂದೆ ಕೂರಿಸುವ ಕೆಲಸದಲ್ಲಿದೆ.

ನೌಕಾವಿನ್ಯಾಸ: ಹಿಂದೆ ಜಾಗವೂ ಸಿಗುತ್ತದೆ, ಮೂತಿಯ ಹೊಡೆತವೂ ತಪ್ಪುತ್ತದೆ. ಆದರೆ ಉದ್ದದ ಲೆಕ್ಕ ಅಲ್ಲಿಯೂ ಬದಲಾಗುವುದಿಲ್ಲ.

ಎಂಜಿನ್ ರೂಮ್: ನೀವೆಲ್ಲ ತಳ್ಳುವ ಬಲದ ಬಗ್ಗೆಯೇ ಮಾತಾಡುತ್ತಿದ್ದೀರಿ. ಒರಟು ಸಮುದ್ರದಲ್ಲಿ ಎಣ್ಣೆ ಎಲ್ಲಿ ಹೋಗುತ್ತದೆ ಅಂತ ಕೆಳಗೆ ನಿಂತವರಿಗೆ ಗೊತ್ತು. ಮೂತಿ ನೀರಿನಿಂದ ಹೊರಗೆ ಬರುತ್ತದೆ, ಆಮೇಲೆ ದಡ್ಡಂತ ಬೀಳುತ್ತದೆ. ಇಡೀ ಹಡಗು ನಡುಗಿ, ಆ ನಡುಕ ಕೆಲವು ಸೆಕೆಂಡು ಕಾಲಡಿಯ ಪ್ಲೇಟುಗಳಲ್ಲಿ ಹರಿಯುತ್ತಿರುತ್ತದೆ. ಮೂತಿ ಬಿದ್ದಾಗ ಹಿಂಭಾಗ ಎದ್ದು ಪ್ರೊಪೆಲ್ಲರ್ ಅರ್ಧ ಹೊರಗೆ. ಹಿಡಿತ ತಪ್ಪಿ ಅದು ಜೋರಾಗಿ ತಿರುಗತೊಡಗುತ್ತದೆ. ಎಂಜಿನ್ನಿನ ವೇಗ ಕಾಯುವ ಗವರ್ನರ್ ತಕ್ಷಣ ಇಂಧನ ಕಡಿಮೆ ಮಾಡುತ್ತದೆ. ಪ್ರೊಪೆಲ್ಲರ್ ಮತ್ತೆ ಮುಳುಗಿದೊಡನೆ ಏರಿಸುತ್ತದೆ. ರಾತ್ರಿಯೆಲ್ಲ ಇದೇ ಕಥೆ. ಇಂಥ ನಷ್ಟಗಳಿಗೆಂದು ವಿನ್ಯಾಸ ಮಾಡುವಾಗ ಎಂಜಿನ್ನಿಗೆ ಸಾಮಾನ್ಯವಾಗಿ ಶೇ. 15ರಷ್ಟು ಹೆಚ್ಚಿನ ಶಕ್ತಿ ಇಟ್ಟಿರುತ್ತಾರೆ. ರೆಕ್ಕೆ ಇದ್ದರೆ ಮೂತಿಯ ಏರಿಳಿತವೇ ತಗ್ಗುತ್ತದೆ. ತಳ್ಳುವುದು ಸ್ವಲ್ಪವೇ ಇರಲಿ, ಈ ಕುಣಿತ ಕಡಿಮೆಯಾದರೂ ನನಗೆ ಅದೇ ದೊಡ್ಡ ಲಾಭ.

ಲೆಕ್ಕಿಗ: ಅಷ್ಟು ಹೊಡೆತ ಬೀಳುವ ಜಾಗದಲ್ಲೇ ರೆಕ್ಕೆ ಕಟ್ಟುತ್ತೀರಲ್ಲ, ಅದು ಮುರಿಯುವುದಿಲ್ವಾ?

ಎಂಜಿನ್ ರೂಮ್: ಒಳ್ಳೆಯ ಪ್ರಶ್ನೆ. ಅದಕ್ಕೇ ಒಳಗೆ ಎಳೆದುಕೊಳ್ಳುವ ವ್ಯವಸ್ಥೆ ಬೇಕು. ಸಮುದ್ರ ಶಾಂತವಿದ್ದಾಗ ಸುಮ್ನೆ ನೀರಿನ ತಡೆ ಬೇಡ, ಬಂದರಿನಲ್ಲಿ ದಕ್ಕೆಗೆ ತಾಗಬಾರದು, ತೀರಾ ಬಿರುಗಾಳಿಯಲ್ಲಿ ಮುರಿಯಬಾರದು. ಆದರೆ ಹಾಗೆ ಮಾಡಲು ಮೂತಿಯಲ್ಲಿ ರಂಧ್ರ, ಒಳಗೆ ಪೆಟ್ಟಿಗೆ, ಹೈಡ್ರಾಲಿಕ್, ಸೀಲು ಎಲ್ಲ ಬೇಕಾಗುತ್ತದೆ. ಮುಂದೆ ಅವನ್ನು ನೋಡಿಕೊಳ್ಳುವವರು ನಾವೇ. ಉಪ್ಪು ನೀರಿನಲ್ಲಿ ಚಲಿಸುವ ಯಾವ ಭಾಗವೂ ಸುಲಭವಲ್ಲ.

ಹೊಸ ಓದುಗಿ: ನಡುವೆ ಬಂದಿದ್ದಕ್ಕೆ ಕ್ಷಮಿಸಿ. ವೇಗ ಇಳಿಸಿದರೆ ಇದಕ್ಕಿಂತ ಸುಲಭವಾಗಿ ಎಣ್ಣೆ ಉಳಿಯುವುದಿಲ್ವಾ?

ನೌಕಾವಿನ್ಯಾಸ: ಉಳಿಯುತ್ತದಮ್ಮ. ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಶೇ. 10 ಇಳಿಸಿದರೆ ಶಕ್ತಿ ಶೇ. 27 ಇಳಿಯುತ್ತದೆ. ಪ್ರಯಾಣ ಉದ್ದವಾಗುವುದರಿಂದ ಪೂರ್ತಿ ದಾರಿಗೆ ಉಳಿತಾಯ ಶೇ. 19ರಷ್ಟು. ಆದರೆ ಫೆರ್ರಿ ವೇಳಾಪಟ್ಟಿ ಬಿಡುವಂತಿಲ್ಲ. ಅಲ್ಲಿ ರೆಕ್ಕೆಯೇ ಉತ್ತರ.

ಲೆಕ್ಕಿಗ: ನನ್ನ ಕೊನೆಯ ತಕರಾರು ದುಡ್ಡಿನದು. ಟೈಮ್ ಚಾರ್ಟರ್‌ನಲ್ಲಿ (ಇಷ್ಟು ಕಾಲಕ್ಕೆ ಅಂತ ಹಡಗು ಬಾಡಿಗೆಗೆ ಕೊಡುವ ಕರಾರು) ಇಂಧನದ ಬಿಲ್ ಕಟ್ಟುವುದು ಹಡಗು ಬಾಡಿಗೆಗೆ ಪಡೆದವರು. ರೆಕ್ಕೆ ಹಾಕಿಸುವ ಖರ್ಚು ಮಾಲೀಕನದು. ಲಾಭ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ. 2050ರ ಹೊತ್ತಿಗೆ ಹಡಗುಗಳ ಹಸಿರುಮನೆ ಅನಿಲ ನಿವ್ವಳ ಶೂನ್ಯಕ್ಕೆ ಬರಬೇಕು ಅಂತ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2023ರಲ್ಲಿ ಗುರಿ ಹಾಕಿಕೊಂಡಿದೆ ನಿಜ. ಆದರೂ ಮಾಲೀಕ ಯಾಕೆ ಕೈಯಿಂದ ಹಾಕಬೇಕು?

ಅಲೆಗಾರ: ಉಳಿದ ಎಣ್ಣೆಯ ದುಡ್ಡನ್ನು ಇಬ್ಬರೂ ಹಂಚಿಕೊಳ್ಳುವ ಕರಾರು ಮಾಡಿಕೊಳ್ಳಬಹುದಲ್ವಾ?

ಲೆಕ್ಕಿಗ: ಹಂಚಿಕೊಳ್ಳಲು ಮೊದಲು ಅಳೆಯಬೇಕು. ಇವತ್ತಿನ ಸಮುದ್ರ ನಾಳೆ ಇರುವುದಿಲ್ಲ. ಉಳಿದದ್ದು ರೆಕ್ಕೆಯಿಂದಲೋ ಒಳ್ಳೆಯ ಹವೆಯಿಂದಲೋ ಅಂತ ಹೇಗೆ ಹೇಳುತ್ತೀರಿ?

ಎಂಜಿನ್ ರೂಮ್: ಒಳಗೆಳೆದುಕೊಳ್ಳುವ ರೆಕ್ಕೆಯಾದರೆ ದಾರಿ ಇದೆ. ಅದೇ ದಿಕ್ಕು, ಅದೇ ವೇಗ ಹಿಡಿದು ಒಂದು ಗಂಟೆ ರೆಕ್ಕೆ ಚಾಚಿ ಓಡಿಸಿ, ಮುಂದಿನ ಗಂಟೆ ಮಡಚಿ ಓಡಿಸಿ, ಮತ್ತೆ ಚಾಚಿ. ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿನ ಟಾರ್ಕ್ ಮೀಟರ್ ಎಂಜಿನ್ ಕೊಟ್ಟ ಶಕ್ತಿ ತೋರಿಸುತ್ತದೆ, ಫ್ಲೋ ಮೀಟರ್ ಎಣ್ಣೆ ತೋರಿಸುತ್ತದೆ. ಬೇರೆ ಬೇರೆ ಅಲೆಯಲ್ಲಿ ಇದನ್ನೇ ಮಾಡುತ್ತಾ ಹೋಗಿ ಲಾಗ್‌ನಲ್ಲಿ ಬರೆದಿಡಿ.

ಲೆಕ್ಕಿಗ: ಹಾಗೆ ಒಂದು ಚಳಿಗಾಲ ಪೂರ್ತಿ ಅಳೆದ ಲಾಗ್ ಕೈಗೆ ಕೊಡಿ, ಕರಾರಿನ ಕರಡು ನಾನೇ ಬರೆಯುತ್ತೇನೆ.